ಓಡುವ ಕಥೆಯಲ್ಲಿ ತಿಕ್ಕಲು ಯಾರು? ಏಳು ಪರಾರಿ ಥ್ರಿಲ್ಲರ್‌ಗಳಲ್ಲಿ ನಿಮಗೆ ಯಾವುದು

ಒಬ್ಬ ಓಡುತ್ತಿದ್ದಾನೆ. ಹಿಂದೆ ಪೊಲೀಸರು, ಇಲ್ಲವೇ ಕೊಲೆಗಡುಕರು, ಕೆಲವು ಸಲ ಇಬ್ಬರೂ. ಇಷ್ಟೇ ಹೇಳಿದರೆ ಪರಾರಿ ಕಾದಂಬರಿಗಳೆಲ್ಲ ಒಂದೇ ಥರ ಕಾಣುತ್ತವೆ. ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿರುವ ಮಾತೂ ಹೆಚ್ಚುಕಮ್ಮಿ ಅದೇ: ಮಾಡದ ಕೊಲೆಯ ಆರೋಪ, ಉಳಿದಿರುವುದು ಕೆಲವೇ ದಿನ, ಯಾರನ್ನೂ ನಂಬುವಂತಿಲ್ಲ. ಇದನ್ನು ನೋಡಿ ಆರಿಸಿದರೆ ಕೈಗೆ ಏನು ಬಂದಿದೆ ಅಂತ ಐವತ್ತು ಪುಟ ದಾಟುವವರೆಗೆ ಗೊತ್ತಾಗಲ್ಲ.

ಅದಕ್ಕೇ ನಾನು 'ಇವನು ಯಾಕೆ ಓಡ್ತಿದ್ದಾನೆ' ಅಂತ ಕೇಳುವುದಿಲ್ಲ. ಈ ಕಥೆಯಲ್ಲಿ ತಿಕ್ಕಲು ಯಾರು ಅಂತ ಕೇಳುತ್ತೇನೆ. ಓಡುವವನಾ, ಅಟ್ಟಿಸಿಕೊಂಡು ಬರುವವನಾ, ದಾರಿಯಲ್ಲಿ ಸಿಗುವ ಜನರಾ? ಇದೊಂದು ಗೊತ್ತಾದರೆ ಪುಸ್ತಕದ ರುಚಿ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಕಾರಣ ಇದೆ. ಓಡುವವನಿಗೆ ಪುರುಸೊತ್ತಿಲ್ಲ. ಎದುರು ಸಿಕ್ಕವರನ್ನು ಒಂದು ಗಳಿಗೆ ನೋಡಿ ಅಳೆಯಬೇಕು. ಇವನು ಬಾಗಿಲು ತೆಗೆದು ಒಳಗೆ ಬಿಟ್ಟುಕೊಳ್ಳುತ್ತಾನಾ, ಇಲ್ಲ ಹಿಂದಿನ ಕೋಣೆಗೆ ಹೋಗಿ ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತಾನಾ? ಎಲ್ಲರಂತಿರುವ ಮನುಷ್ಯ ಏನು ಮಾಡುತ್ತಾನೆ ಅಂತ ಓದುವ ನಮಗೂ ಗೊತ್ತು. ಸುದ್ದಿ ಮುಟ್ಟಿಸುತ್ತಾನೆ. ಆದರೆ ಒಂಟಿ ಮನೆಯಲ್ಲಿ ಆನೆ ಸಾಕಿಕೊಂಡಿರುವ ಹೆಂಗಸು ಏನು ಮಾಡುತ್ತಾಳೆ? ಹೇಳೋಕಾಗಲ್ಲ. ಆ 'ಹೇಳೋಕಾಗಲ್ಲ' ಅನ್ನುವುದರಲ್ಲೇ ಥ್ರಿಲ್ ಇದೆ. ಒಳ್ಳೆಯ ಪರಾರಿ ಕಾದಂಬರಿಯಲ್ಲಿ ವಿಚಿತ್ರ ಜನ ನಗಿಸೋಕೆ ಮಾತ್ರ ಬರುವುದಿಲ್ಲ, ಕಥೆ ಯಾವ ಕಡೆ ತಿರುಗಬೇಕು ಅಂತ ಅವರೇ ತೀರ್ಮಾನಿಸುತ್ತಾರೆ.

ಇಲ್ಲಿ ಏಳು ಪುಸ್ತಕ ಇಟ್ಟುಕೊಂಡಿದ್ದೇನೆ. ಎಲ್ಲದಕ್ಕೂ ಸಮ ಜಾಗ ಕೊಡುವುದಿಲ್ಲ. ಕೆಲವಕ್ಕೆ ನಾಲ್ಕು ಮಾತು ಸಾಕು. ಯಾವುದರ ಕೊನೆಯನ್ನೂ ಬಿಟ್ಟುಕೊಡುವುದಿಲ್ಲ, ಆದರೆ ನಡುವಿನ ಒಂದೆರಡು ದೃಶ್ಯ ಹೇಳದೆ ಹೋಲಿಸೋಕೆ ಆಗಲ್ಲ.

ದಾರಿಯ ಜನರೇ ತಿಕ್ಕಲು: 'ದಿ ಥರ್ಟಿ-ನೈನ್ ಸ್ಟೆಪ್ಸ್'

ಜಾನ್ ಬಕನ್ ಬರೆದದ್ದು, 1915ರಲ್ಲಿ ಬಂತು. ಹೊಟ್ಟೆಯ ಹುಣ್ಣಿನಿಂದ ಹಾಸಿಗೆ ಹಿಡಿದಿದ್ದಾಗ ಹೊತ್ತು ಕಳೆಯಲು ಬರೆದ ಕಥೆ. ಇದೇ ಮನುಷ್ಯ ಮುಂದೆ 1935ರಲ್ಲಿ ಕೆನಡಾದ ಗವರ್ನರ್ ಜನರಲ್ ಆದ. ಪುಸ್ತಕ ಚಿಕ್ಕದು. ಒಂದು ರಜೆಯ ದಿನ ಕೂತರೆ ಮುಗಿಯುತ್ತದೆ.

ರಿಚರ್ಡ್ ಹ್ಯಾನೇ ಆಫ್ರಿಕಾದಲ್ಲಿ ಗಣಿ ಎಂಜಿನಿಯರ್ ಆಗಿ ದುಡಿದು ಲಂಡನ್ನಿಗೆ ಬಂದವನು. ಬೇಸರದಿಂದ ಸಾಯುತ್ತಿದ್ದಾನೆ. ಅವನ ಫ್ಲ್ಯಾಟಿನಲ್ಲಿ ಅಡಗಿಕೊಂಡಿದ್ದವನೊಬ್ಬ ಎದೆಗೆ ಚೂರಿ ಹಾಕಿಸಿಕೊಂಡು ಸತ್ತು ಬಿದ್ದಿರುತ್ತಾನೆ. ಪೊಲೀಸರಿಗೆ ಹೇಳಿದರೆ ಕೊಲೆ ತನ್ನ ತಲೆಗೇ ಬರುತ್ತದೆ, ಸುಮ್ಮನಿದ್ದರೆ ಕೊಂದವರು ಇವನನ್ನೂ ಬಿಡುವುದಿಲ್ಲ. ಬೆಳಗ್ಗೆ ಹಾಲು ಹಾಕುವವನಿಗೆ ಚಿನ್ನದ ನಾಣ್ಯ ಕೊಟ್ಟು ಅವನ ಟೋಪಿ, ಮೇಲಂಗಿ ಹಾಕಿಕೊಂಡು ಹೊರಬೀಳುತ್ತಾನೆ. ರೈಲು ಹತ್ತಿ ಸ್ಕಾಟ್ಲೆಂಡಿನ ಗ್ಯಾಲೊವೇ ಕಡೆಗೆ.

ಹ್ಯಾನೇಯಲ್ಲಿ ವಿಚಿತ್ರ ಏನೂ ಇಲ್ಲ. ನೇರ ಮನುಷ್ಯ, ಸ್ವಲ್ಪ ಸಪ್ಪೆ ಅಂದರೂ ತಪ್ಪಲ್ಲ. ಮಜಾ ಇರುವುದು ಅಲ್ಲಿಂದ ಮುಂದೆ. ಅಧ್ಯಾಯಕ್ಕೊಬ್ಬ ವಿಚಿತ್ರ ಮನುಷ್ಯ ಸಿಗುತ್ತಾನೆ. ಒಬ್ಬ ಹೋಟೆಲ್ ನಡೆಸುವ ಹುಡುಗ, ಲೇಖಕನಾಗಬೇಕು ಅಂತ ಕನಸು. ಹ್ಯಾನೇ ತನ್ನ ಕಥೆ ಹೇಳಿದರೆ ಆ ಹುಡುಗ ಅನುಮಾನವನ್ನೇ ಪಡುವುದಿಲ್ಲ. ಅವನಿಗೆ ನಂಬಿಕೆ ಇಲ್ಲದಿರುವುದು ಮಾಮೂಲಿ ಸಂಗತಿಗಳ ಮೇಲೆ ಮಾತ್ರ! ಇನ್ನೊಬ್ಬ ಚುನಾವಣೆಗೆ ನಿಂತ ಶ್ರೀಮಂತರ ಮನೆಯ ಯುವಕ. ಅವನ ಕಾರಿಗೆ ಗುದ್ದುವುದು ತಪ್ಪಿಸೋಕೆ ಹೋಗಿ ಹ್ಯಾನೇ ತಾನು ಕದ್ದು ತಂದಿದ್ದ ಕಾರನ್ನು ಕಮರಿಗೆ ಕಳೆದುಕೊಳ್ಳುತ್ತಾನೆ. ಆ ಯುವಕ ಕ್ಷಮೆ ಕೇಳಿದ ಮೇಲೆ ಏನು ಮಾಡುತ್ತಾನೆ ಗೊತ್ತಾ? ಭಾಷಣಕಾರ ಕೈಕೊಟ್ಟಿದ್ದಾನೆ, ನೀನು ಬಂದು ಎರಡು ಮಾತಾಡು ಅಂತ ಕೇಳುತ್ತಾನೆ. ಕೊಲೆ ಆರೋಪ ಹೊತ್ತು ಓಡುತ್ತಿರುವವನು ತುಂಬಿದ ಸಭೆಯಲ್ಲಿ ಆಸ್ಟ್ರೇಲಿಯಾದವನಂತೆ ನಟಿಸುತ್ತಾ ರಾಜಕೀಯ ಭಾಷಣ ಬಿಗಿಯುತ್ತಾನೆ.

ನನಗೆ ಎಲ್ಲಕ್ಕಿಂತ ಇಷ್ಟ ರಸ್ತೆ ರಿಪೇರಿಯವನ ಅಧ್ಯಾಯ. ಟರ್ನ್‌ಬುಲ್ ಅಂತ ಒಬ್ಬ, ಕನ್ನಡಕ ಹಾಕಿಕೊಂಡು ಬೆಟ್ಟದ ರಸ್ತೆಯಲ್ಲಿ ಜಲ್ಲಿ ಒಡೆಯುವ ಕೆಲಸದವನು. ಹಿಂದಿನ ರಾತ್ರಿ ಮಗಳ ಮದುವೆ, ಚೆನ್ನಾಗಿ ಕುಡಿದಿದ್ದಾನೆ. ಈಗ ತಲೆ ಸಿಡಿಯುತ್ತಿದೆ, ಅದರ ಮೇಲೆ ಹೊಸ ಅಧಿಕಾರಿ ತಪಾಸಣೆಗೆ ಬರಬಹುದು ಅನ್ನುವ ಭಯ. ನೀನು ಮನೆಗೆ ಹೋಗಿ ಮಲಗು, ನಿನ್ನ ಕೆಲಸ ನಾನು ಮಾಡುತ್ತೇನೆ ಅನ್ನುತ್ತಾನೆ ಹ್ಯಾನೇ. ಕನ್ನಡಕ, ಕೊಳಕು ಟೋಪಿ ಇವನ ಪಾಲಿಗೆ. ಮುಖಕ್ಕೆ, ಕೈಗೆ ರಸ್ತೆಯ ಧೂಳು ಬಳಿದುಕೊಳ್ಳುತ್ತಾನೆ, ಕಣ್ಣಿಗೂ ಧೂಳು ತಿಕ್ಕುತ್ತಾನೆ, ಬೂಟನ್ನು ಕಲ್ಲಿಗೆ ಒದ್ದು ಸವೆಸುತ್ತಾನೆ. ಪಾತ್ರ ಹಾಕಬೇಕಾದರೆ ತಾನೇ ಅದು ಅಂತ ಒಳಗಿಂದ ನಂಬಬೇಕು ಅಂತ ಹಳೇ ಸ್ನೇಹಿತನೊಬ್ಬ ಹೇಳಿದ್ದು ನೆನಪಾಗುತ್ತದೆ. ಅಷ್ಟರಲ್ಲಿ ಬೆನ್ನಟ್ಟಿದವರ ಕಾರು ಬಂದು ಪಕ್ಕದಲ್ಲೇ ನಿಲ್ಲುತ್ತದೆ. ಮೂವರಲ್ಲಿ ಒಬ್ಬ ಇವನ ಕಾಲು ನೋಡಿ, ಈ ಬೂಟು ಹಳ್ಳಿಯ ಚಮ್ಮಾರ ಹೊಲಿದದ್ದಲ್ಲವಲ್ಲ ಅನ್ನುತ್ತಾನೆ. ಹ್ಯಾನೇ ತಡವರಿಸದೆ, ಹೋದ ವರ್ಷ ಬೇಟೆಗೆ ಬಂದಿದ್ದ ದೊಡ್ಡವರು ಕೊಟ್ಟದ್ದು, ಲಂಡನ್ನಿನದು ಅಂತ ಹೇಳಿ ಕಲ್ಲು ಒಡೆಯುತ್ತಾ ಇರುತ್ತಾನೆ. ಓಡುವ ಕಥೆಯ ಅತಿ ಬಿಗಿಯಾದ ದೃಶ್ಯದಲ್ಲಿ ಓಡುವವನು ಕೂತಲ್ಲೇ ಕೂತಿದ್ದಾನೆ. ಕುಡುಕನ ತಲೆನೋವು ಇಲ್ಲದಿದ್ದರೆ ಈ ದೃಶ್ಯವೇ ಇಲ್ಲ. ವಿಚಿತ್ರ ಪಾತ್ರ ಕಥೆಗೆ ಕೆಲಸ ಮಾಡುವುದು ಅಂದರೆ ಹೀಗೆ.

ಕೊರತೆ ಇಲ್ಲ ಅಂತಲ್ಲ. ಕಾಕತಾಳೀಯಗಳು ವಿಪರೀತ. ಅಷ್ಟು ದೊಡ್ಡ ಬಯಲಿನಲ್ಲಿ ಓಡಿ ಓಡಿ ಹ್ಯಾನೇ ಸರಿಯಾಗಿ ಖಳನ ಮನೆಯ ಬಾಗಿಲನ್ನೇ ತಟ್ಟುತ್ತಾನೆ ಅಂದರೆ ಏನು ಹೇಳೋದು. ಹೆಂಗಸರ ಪಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಕಾಲದ ಜನಾಂಗೀಯ ಪೂರ್ವಗ್ರಹ ಮೊದಲ ಅಧ್ಯಾಯದಲ್ಲೇ ರಾಚುತ್ತದೆ, ಅದು ಕಿರಿಕಿರಿ ಮಾಡಿಯೇ ಮಾಡುತ್ತದೆ. ಹಳ್ಳಿಯವರ ಸ್ಕಾಟ್ಸ್ ಮಾತಿನ ಸಾಲುಗಳನ್ನು ಒಮ್ಮೆ ಬಾಯಿಬಿಟ್ಟು ಓದಿದರೆ ಅರ್ಥವಾಗುತ್ತದೆ, ಕಣ್ಣಲ್ಲಿ ಓದಿದರೆ ತೊಡಕು.

ಓಡುವವನೇ ತಿಕ್ಕಲು: ಎರಡು ಪುಸ್ತಕ, ಎರಡು ಧ್ರುವ

ಸ್ವೀಡನ್ನಿನ ಯೋನಾಸ್ ಯೋನಾಸನ್ 2009ರಲ್ಲಿ ಬರೆದ 'ದಿ ಹಂಡ್ರೆಡ್-ಇಯರ್-ಓಲ್ಡ್ ಮ್ಯಾನ್ ಹೂ ಕ್ಲೈಂಬ್ಡ್ ಔಟ್ ದಿ ವಿಂಡೋ ಅಂಡ್ ಡಿಸಪಿಯರ್ಡ್' ಹೆಸರಿನಲ್ಲೇ ಅರ್ಧ ಕಥೆ ಹೇಳಿಬಿಡುತ್ತದೆ. ಇಸವಿ 2005, ಮೇ 2. ಆಲನ್ ಕಾರ್ಲ್‌ಸನ್‌ಗೆ ಅವತ್ತು ನೂರು ತುಂಬುತ್ತದೆ. ವೃದ್ಧಾಶ್ರಮದಲ್ಲಿ ಸಮಾರಂಭ, ಊರ ಗಣ್ಯರೆಲ್ಲ ಬರುತ್ತಾರೆ. ಮುದುಕ ಕಿಟಕಿ ಹತ್ತಿ ಹೂವಿನ ಪಾತಿಗೆ ಇಳಿದು, ಕಾಲಲ್ಲಿದ್ದ ಚಪ್ಪಲಿಯಲ್ಲೇ ಬಸ್ ನಿಲ್ದಾಣಕ್ಕೆ ನಡೆದುಬಿಡುತ್ತಾನೆ. ಅಲ್ಲಿ ಒಬ್ಬ ಒರಟು ಹುಡುಗ, ಅವನ ಹತ್ತಿರ ದೊಡ್ಡ ಸೂಟ್‌ಕೇಸ್. ಶೌಚಾಲಯ ಎಷ್ಟು ಇಕ್ಕಟ್ಟು ಅಂದರೆ ಹುಡುಗ ಸೂಟ್‌ಕೇಸ್ ಜೊತೆ ಒಳಗೆ ಹೋಗಲಾರ. ಸ್ವಲ್ಪ ನೋಡಿಕೋ ಅಂತ ಗದರಿ ಹೋಗುತ್ತಾನೆ. ಅಷ್ಟರಲ್ಲಿ ಬಸ್ ಬರುತ್ತದೆ. ಆಲನ್ ಸೂಟ್‌ಕೇಸ್ ಸಮೇತ ಹತ್ತಿ ಕೂರುತ್ತಾನೆ. ಅದರೊಳಗೆ 5 ಕೋಟಿ ಕ್ರೋನರ್.

ಇಲ್ಲಿಂದ ಮುಂದೆ ಗ್ಯಾಂಗ್ ಒಂದು ಕಡೆ, ಪೊಲೀಸ್ ಒಂದು ಕಡೆ. ದಾರಿಯಲ್ಲಿ ಸೇರಿಕೊಳ್ಳುವವರೂ ಒಬ್ಬರಿಗಿಂತ ಒಬ್ಬರು. ರೈಲು ನಿಲ್ಲದ ಹಾಳು ಸ್ಟೇಷನ್ನಿನಲ್ಲಿ ವಾಸ ಮಾಡುವ ಚಿಲ್ಲರೆ ಕಳ್ಳ ಯೂಲಿಯಸ್. ಹಾಟ್ ಡಾಗ್ ಅಂಗಡಿಯ ಬೆನ್ನಿ. ಈ ಬೆನ್ನಿಯ ಬಗ್ಗೆ ಹೇಳಲೇಬೇಕು. ಅವನ ಮಾವನ ಉಯಿಲಿನ ಪ್ರಕಾರ ಓದುತ್ತಿರುವವರೆಗೆ ಮಾತ್ರ ಖರ್ಚಿಗೆ ಹಣ. ಹಾಗಾಗಿ ಬೆನ್ನಿ ಯಾವ ಡಿಗ್ರಿಯನ್ನೂ ಮುಗಿಸುವುದೇ ಇಲ್ಲ. ಅವನು ಹೆಚ್ಚುಕಮ್ಮಿ ಡಾಕ್ಟರ್, ಹೆಚ್ಚುಕಮ್ಮಿ ಪಶುವೈದ್ಯ, ಹೆಚ್ಚುಕಮ್ಮಿ ಇನ್ನೂ ಏನೇನೋ. ಓಡುವ ಗುಂಪಿಗೆ ಇಂಥವನೊಬ್ಬ ಸಿಕ್ಕಿದರೆ ಲೇಖಕನಿಗೆ ಎಷ್ಟು ಅನುಕೂಲ ನೋಡಿ, ಯಾವ ತೊಂದರೆ ಬಂದರೂ ಮುಕ್ಕಾಲು ಉತ್ತರ ಅವನ ಹತ್ತಿರ ಇರುತ್ತದೆ. ಆಮೇಲೆ ಆ ಆನೆ ಸಾಕಿದ ಹೆಂಗಸು, ಗುನಿಲ್ಲಾ. ಆನೆಯ ಹೆಸರು ಸೋನ್ಯಾ. ಅಟ್ಟಿಸಿಕೊಂಡು ಬಂದವನಿಗೂ ಆನೆಗೂ ಏನು ಸಂಬಂಧ ಅನ್ನುವುದನ್ನು ನೀವೇ ಓದಿಕೊಳ್ಳಿ.

ಒಂದು ಎಚ್ಚರಿಕೆ. ಪುಸ್ತಕದ ಸುಮಾರು ಅರ್ಧ ಭಾಗ ಓಟವೇ ಅಲ್ಲ, ಆಲನ್‌ನ ಹಿಂದಿನ ಬದುಕು. ಸ್ಫೋಟಕದ ಕೆಲಸ ಕಲಿತವನು ಫ್ರಾಂಕೋ, ಟ್ರೂಮನ್, ಸ್ಟಾಲಿನ್, ಮಾವೊ ಎಲ್ಲರ ಎದುರಿಗೂ ಹೋಗಿ ನಿಲ್ಲುತ್ತಾನೆ. ಅಣುಬಾಂಬಿನ ಲೆಕ್ಕದಲ್ಲೂ ಅವನ ಕೈ ಇದೆ. ಮೊದಲು ನಗು ಬರುತ್ತದೆ. ನಾಲ್ಕನೇ ನಾಯಕನ ಹೊತ್ತಿಗೆ ಅದೇ ಜೋಕನ್ನು ಮತ್ತೆ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಇನ್ನೊಂದು ಮಾತು: ಆಲನ್‌ಗೆ ಭಯ ಅನ್ನುವುದೇ ಇಲ್ಲ. ಭಯ ಇಲ್ಲದವನು ಓಡಿದರೆ ನಮಗೂ ಭಯ ಆಗುವುದಿಲ್ಲ. ಎದೆ ಡವಡವ ಅನ್ನಬೇಕು ಅಂತ ಈ ಪುಸ್ತಕ ಹಿಡಿದರೆ ನಿರಾಸೆ ಖಂಡಿತ. ನಗಬೇಕು, ಭಾಷೆ ಸಲೀಸಾಗಿರಬೇಕು ಅಂದರೆ ಈ ಏಳರಲ್ಲಿ ಇದರಷ್ಟು ಸುಲಭದ್ದು ಬೇರೆ ಇಲ್ಲ.

ಇದರ ತದ್ವಿರುದ್ಧ ಜೆಫ್ರಿ ಹೌಸ್‌ಹೋಲ್ಡ್ ಬರೆದ 'ರೋಗ್ ಮೇಲ್'. ಪ್ರಕಟವಾದದ್ದು 1939, ಯುರೋಪು ಯುದ್ಧಕ್ಕೆ ಬಿದ್ದ ವರ್ಷ. ನಿರೂಪಕನಿಗೆ ಹೆಸರಿಲ್ಲ. ಅವನು ಗುರಿ ಇಟ್ಟ ಸರ್ವಾಧಿಕಾರಿಗೂ ಹೆಸರಿಲ್ಲ. ಬೇಟೆಗಾರ ಇವನು. ಅಷ್ಟು ಕಾವಲಿರುವ ಮನುಷ್ಯನನ್ನು ಬಂದೂಕಿನ ಗುರಿಯೊಳಗೆ ತರಲು ಆಗುತ್ತದಾ ಅಂತ ಸುಮ್ನೆ ನೋಡಲು ಹೋಗಿದ್ದೆ, ಕೊಲ್ಲುವ ಉದ್ದೇಶ ಇರಲಿಲ್ಲ ಅನ್ನುತ್ತಾನೆ. ನಂಬಬೇಕಾ? ಅವನೇ ತನ್ನನ್ನು ನಂಬುತ್ತಾನಾ? ಇಡೀ ಪುಸ್ತಕ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಸಿಕ್ಕಿಬಿದ್ದು, ಚಿತ್ರಹಿಂಸೆ ಅನುಭವಿಸಿ, ಸತ್ತ ಅಂತ ಬಿಟ್ಟ ಮೇಲೂ ಬದುಕಿ ಇಂಗ್ಲೆಂಡಿಗೆ ವಾಪಸ್ ಬರುತ್ತಾನೆ. ಅಲ್ಲಿಗೂ ಬೆನ್ನಟ್ಟುತ್ತಾರೆ. ಕೊನೆಗೆ ಡಾರ್ಸೆಟ್ ಸೀಮೆಯಲ್ಲಿ, ಬೇಲಿಗಳ ನಡುವೆ ಹೂತುಹೋದ ಹಳೆಯ ಗಾಡಿದಾರಿಯೊಂದರ ಬದಿಯ ಮಣ್ಣಿನಲ್ಲಿ ಬಿಲ ತೋಡಿ ಪ್ರಾಣಿಯ ಹಾಗೆ ಬದುಕುತ್ತಾನೆ. ಜೊತೆಗೆ ಒಂದು ಕಾಡುಬೆಕ್ಕಿನಂಥ ಬೆಕ್ಕು, ಅದಕ್ಕೆ ಆಸ್ಮೊಡಿಯಸ್ ಅಂತ ಹೆಸರು. ಮಾತಾಡಲು ಬೇರೆ ಯಾರೂ ಇಲ್ಲ. ಬೆನ್ನಟ್ಟಿ ಬಂದ ಮೇಜರ್ ಕ್ವಿವ್-ಸ್ಮಿತ್ ಮಾತ್ರ ಬಹಳ ಸಭ್ಯಸ್ಥ, ತಾಳ್ಮೆಯವನು, ಮಾತು ನಯ. ಅವನ ನಯವೇ ಮೈ ಜುಮ್ಮೆನ್ನಿಸುತ್ತದೆ. ಬಿಲದ ಒಳಗಿನ ಪುಟಗಳನ್ನು ಇಕ್ಕಟ್ಟಾದ ಜಾಗ ಅಂದರೆ ಉಸಿರು ಕಟ್ಟುವವರು ಓದಬೇಡಿ. ಬೆಕ್ಕು ಸಾಕಿದವರಿಗೂ ಕಷ್ಟ, ಅಷ್ಟೇ ಹೇಳುತ್ತೇನೆ.

ಬಕನ್ ಪುಸ್ತಕದ ಹಾಗೆ ಇಲ್ಲಿ ಜನರ ಮೆರವಣಿಗೆ ಇಲ್ಲ. 'ವಿಚಿತ್ರ ಪಾತ್ರಗಳ ಸಂತೆ' ಬೇಕು ಅನ್ನುವವರಿಗೆ ಇದು ಬೇಡ. ಆದರೆ ಒಬ್ಬನೇ ಒಬ್ಬ ವಿಚಿತ್ರ ಮನುಷ್ಯನ ತಲೆಯೊಳಗೆ ಕೂತು ಓಡಬೇಕು ಅಂದರೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಈ ಏಳರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಬೆನ್ನಟ್ಟುವವನೇ ತಿಕ್ಕಲು: 'ನೋ ಕಂಟ್ರಿ ಫಾರ್ ಓಲ್ಡ್ ಮೆನ್'

ಕಾರ್ಮ್ಯಾಕ್ ಮೆಕಾರ್ಥಿ, 2005. ಕಥೆ ನಡೆಯುವುದು 1980ರಲ್ಲಿ, ಟೆಕ್ಸಾಸ್-ಮೆಕ್ಸಿಕೋ ಗಡಿಯಲ್ಲಿ. ಬೇಟೆಗೆ ಹೋದ ಮಾಸ್‌ಗೆ ಹೆಣಗಳ ನಡುವೆ 24 ಲಕ್ಷ ಡಾಲರ್ ಸಿಗುತ್ತದೆ. ತೆಗೆದುಕೊಂಡು ಮನೆಗೆ ಬಂದವನು ಸುಮ್ಮನಿರಬೇಕಿತ್ತು. ಸಾಯುತ್ತಿದ್ದ ಒಬ್ಬ ನೀರು ಕೇಳಿದ್ದು ಮನಸ್ಸಿನಿಂದ ಹೋಗುವುದಿಲ್ಲ. ರಾತ್ರಿ ನೀರು ತುಂಬಿಕೊಂಡು ವಾಪಸ್ ಹೋಗುತ್ತಾನೆ. ಓಟ ಶುರುವಾಗುವುದು ದುರಾಸೆಯಿಂದ ಅಲ್ಲ, ಆ ನೀರಿನಿಂದ.

ಹಿಂದೆ ಬರುವವನು ಆಂಟನ್ ಚಿಗುರ್. ದನ ಕಡಿಯುವ ಕಡೆ ಬಳಸುವ, ಗಾಳಿಯ ಒತ್ತಡದಿಂದ ನಡೆಯುವ ಬೋಲ್ಟ್ ಗನ್ ಅವನ ಆಯುಧ. ಬೀಗ ಹಾರಿಸಲೂ ಅದೇ, ಮನುಷ್ಯರಿಗೂ ಅದೇ. ಪೆಟ್ರೋಲ್ ಬಂಕಿನ ದೃಶ್ಯ ಒಂದು ಸಾಕು ಅವನು ಯಾರು ಅಂತ ತಿಳಿಯಲು. ಬಂಕಿನ ಮಾಲೀಕ ಹೊತ್ತು ಹೋಗದೆ, ನಿಮ್ಮ ಕಡೆ ಮಳೆ ಆಯ್ತಾ ಅನ್ನುವಂಥ ಮಾತು ತೆಗೆಯುತ್ತಾನೆ. ನನ್ನ ಕಡೆ ಯಾವುದು ಅಂತ ನಿನಗೆ ಹೇಗೆ ಗೊತ್ತು ಅನ್ನುತ್ತಾನೆ ಚಿಗುರ್. ಅಲ್ಲಿಂದ ಮಾತು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಕೊನೆಗೆ ಚಿಗುರ್‌ನ ಮುಂಗೈ ಮೇಲೆ ಒಂದು ನಾಣ್ಯ, ಅದರ ಮೇಲೆ 1958 ಅಂತ ಇಸವಿ. ತಲೆಯೋ ಬಾಲವೋ ಹೇಳು. ಏನು ಪಣ ಅಂತ ಆ ಬಡಪಾಯಿಗೆ ಗೊತ್ತೇ ಇಲ್ಲ, ನಮಗೆ ಗೊತ್ತು.

ಬೆನ್ನಟ್ಟುವವನು ತಿಕ್ಕಲಾದರೆ ನಗು ಹೋಗುತ್ತದೆ, ಉಳಿಯುವುದು ಹೆದರಿಕೆ. ಹಣಕ್ಕೆ ಬಗ್ಗುವ ಕೊಲೆಗಾರನ ಜೊತೆ ಮಾತಾಡಬಹುದು. ತನ್ನದೇ ನಿಯಮ ಪಾಲಿಸುವವನ ಜೊತೆ ಆಗುವುದಿಲ್ಲ. ಹ್ಯೂಗೋನ 'ಲೇ ಮಿಸರಾಬ್ಲ್'ನ (1862) ಪೊಲೀಸ್ ಅಧಿಕಾರಿ ಜಾವೇರ್ ಕೂಡ ಇದೇ ಜಾತಿ, ಅವನು ಕಾನೂನಿನ ಕಡೆ ಇದ್ದಾನೆ ಅನ್ನುವುದಷ್ಟೇ ವ್ಯತ್ಯಾಸ. ಮೆಕಾರ್ಥಿ ಸಂಭಾಷಣೆಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ, ಯಾರು ಮಾತಾಡಿದರು ಅಂತ ನೀವೇ ಲೆಕ್ಕ ಇಡಬೇಕು. ನಡುನಡುವೆ ಮುದಿ ಷರೀಫ್ ಬೆಲ್‌ನ ಸ್ವಗತ ಬರುತ್ತದೆ. ಥ್ರಿಲ್ಲರಿಗೆ ಬೇಕಾದ ಥರದ ಕೊನೆ ಇಲ್ಲಿ ಸಿಗುವುದಿಲ್ಲ ಅಂತ ಮೊದಲೇ ತಿಳಿದಿರಲಿ. ಅದರಿಂದ ಸಿಟ್ಟಾದವರು ಬಹಳ ಜನ.

ಮೂವರೂ ಸ್ವಲ್ಪ ಸ್ವಲ್ಪ ತಿಕ್ಕಲು

ಎಲ್ಮೋರ್ ಲೆನರ್ಡ್‌ನ 'ಔಟ್ ಆಫ್ ಸೈಟ್' (1996) ಬೇಗ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಹೊಗಳೋಕಿಂತ ಓದೋದು ಸುಲಭ. ಫ್ಲೋರಿಡಾದ ಜೈಲಿನಿಂದ ಬ್ಯಾಂಕ್ ದರೋಡೆಕೋರ ಜ್ಯಾಕ್ ಫೋಲಿ ತಪ್ಪಿಸಿಕೊಳ್ಳುವ ಗಳಿಗೆಯಲ್ಲೇ ಮಾರ್ಷಲ್ ಕ್ಯಾರೆನ್ ಸಿಸ್ಕೋ ಅಲ್ಲಿಗೆ ಬಂದಿರುತ್ತಾಳೆ. ಇಬ್ಬರೂ ಒಂದೇ ಕಾರಿನ ಡಿಕ್ಕಿಯೊಳಗೆ, ಕತ್ತಲಲ್ಲಿ, ಸಿನಿಮಾಗಳ ಬಗ್ಗೆ ಹರಟೆ ಹೊಡೆಯುತ್ತಾ ಹೋಗುತ್ತಾರೆ. ಹಿಡಿಯಬೇಕಾದವಳು, ಓಡಬೇಕಾದವನು. ಫೋಲಿಯ ಜೊತೆಗಾರ ಬಡ್ಡಿ ಅನ್ನುವವನಿಗೆ ಒಂದು ಅಭ್ಯಾಸ: ಮಾಡಿದ ತಪ್ಪನ್ನೆಲ್ಲ ಸೋದರಿಗೆ ಫೋನಿನಲ್ಲಿ ಒಪ್ಪಿಕೊಳ್ಳುವುದು. ಕಳ್ಳನಿಗೆ ಇದಕ್ಕಿಂತ ಅಪಾಯದ ಅಭ್ಯಾಸ ಉಂಟೇ? ಲೆನರ್ಡ್ ಪಾತ್ರಗಳ ವೇಷಭೂಷಣ ವಿವರಿಸುತ್ತಾ ಕೂರುವುದಿಲ್ಲ. ಮಾತಾಡಲು ಬಿಡುತ್ತಾನೆ, ಅವರ ತಿಕ್ಕಲುತನ ಬಾಯಿಂದಲೇ ಹೊರಬರುತ್ತದೆ. ಅಮೆರಿಕದ ಬೀದಿ ಭಾಷೆ ರೂಢಿ ಇಲ್ಲದವರಿಗೆ ಮೊದಲ ಮೂವತ್ತು ಪುಟ ಒದ್ದಾಟ, ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ. ಇನ್ನೊಂದು, ನಡುವೆ ಹಿಂಸೆ ಇದ್ದಕ್ಕಿದ್ದಂತೆ ಗಾಢವಾಗುತ್ತದೆ. ಹರಟೆಯ ಹುಮ್ಮಸ್ಸಿನಲ್ಲಿ ಮೈಮರೆತಿದ್ದವರಿಗೆ ಅದು ಗುದ್ದಿದ ಹಾಗಿರುತ್ತದೆ.

ದಪ್ಪ ಪುಸ್ತಕ ಬೇಕಾ, ತೂಕದ ಪುಸ್ತಕ ಬೇಕಾ

'ಶಾಂತಾರಾಂ' (2003) ಒಂಬೈನೂರು ಪುಟ ದಾಟುತ್ತದೆ. ಬರೆದ ಗ್ರೆಗರಿ ಡೇವಿಡ್ ರಾಬರ್ಟ್ಸ್ ಸ್ವತಃ 1980ರಲ್ಲಿ ಆಸ್ಟ್ರೇಲಿಯಾದ ಪೆಂಟ್ರಿಜ್ ಜೈಲಿನಿಂದ ತಪ್ಪಿಸಿಕೊಂಡು ಬಾಂಬೆಗೆ ಬಂದವನು. ಕಥೆಯ ಲಿನ್ ಕೂಡ ಹಾಗೇ. ಆದರೆ ಇದನ್ನು ಆತ್ಮಕಥೆ ಅಂತ ಓದಬೇಡಿ, ಕಾದಂಬರಿ ಇದು. ಲಿಯೊಪೋಲ್ಡ್ ಕೆಫೆಯ ಮೇಜಿನ ಸುತ್ತ ಕೂರುವವರೇ ಒಂದು ಲೋಕ. ಎಲ್ಲರಿಗಿಂತ ಮೇಲೆ ಪ್ರಭಾಕರ್, ಅಗಲ ನಗುವಿನ ಗೈಡ್. ಅವನು ಲಿನ್‌ನನ್ನು ತನ್ನ ಹಳ್ಳಿಗೆ ಕರೆದುಕೊಂಡು ಹೋಗುವ ರೈಲು ಪ್ರಯಾಣ ನೋಡಿ. ಸೀಟಿಗಾಗಿ ನೂಕುನುಗ್ಗಲು, ಗುದ್ದಾಟ. ದೈತ್ಯ ಪೋರ್ಟರ್ ಒಬ್ಬನಿಗೆ ದುಡ್ಡು ಕೊಟ್ಟು ಲಿನ್‌ನನ್ನು ಒಳಗೆ ನುಗ್ಗಿಸುತ್ತಾನೆ. ರೈಲು ಹೊರಟ ಮೇಲೆ ಅದೇ ಜನ ಕಾಲು ತಗುಲಿದರೂ ಕ್ಷಮೆ ಕೇಳುತ್ತಾರೆ! ಹೊರಗಿನವನ ಬೆರಗು ನಮಗೆ ನಗು ತರಿಸುತ್ತದೆ, ಆದರೆ ಗಮನಿಸಿದ್ದು ಸರಿಯಾಗೇ ಇದೆ ಅಲ್ವಾ?

ತೊಂದರೆ ಏನೆಂದರೆ ಈ ಪುಸ್ತಕದಲ್ಲಿ ಎಲ್ಲರೂ ತತ್ವಜ್ಞಾನಿಗಳು. ಮಾಫಿಯಾ ದೊರೆ, ಕುಡುಕ, ಪ್ರೇಯಸಿ, ಯಾರು ಬಾಯಿ ತೆರೆದರೂ ಗೋಡೆಗೆ ಅಂಟಿಸುವಂಥ ಸಾಲು ಬೀಳುತ್ತದೆ. ಅಂಥದ್ದು ಇಷ್ಟಪಡುವವರು ಗೆರೆ ಎಳೆದುಕೊಂಡು ಓದುತ್ತಾರೆ. ನನಗೆ ಸುಸ್ತಾಗುತ್ತದೆ. ಓಟ ಅನ್ನುವುದೂ ಬೇಗ ಸಡಿಲವಾಗುತ್ತದೆ. ಪರಾರಿಯಾದವನು ಅಡಗುವ ಬದಲು ಬೇರೂರುತ್ತಾನೆ. ದೀರ್ಘ ರಜೆ ಇದ್ದು, ಒಂದು ಊರೊಳಗೆ ಮುಳುಗಿಹೋಗಬೇಕು ಅನ್ನಿಸಿದರೆ ತೆಗೆದುಕೊಳ್ಳಿ.

ಗ್ರಹಾಂ ಗ್ರೀನ್‌ನ 'ದಿ ಪವರ್ ಅಂಡ್ ದಿ ಗ್ಲೋರಿ' (1940) ಇದರ ಕಾಲು ಭಾಗದಷ್ಟು ಪುಟ, ಆದರೆ ಬಹಳ ದಿನ ಬಿಡದೆ ಕಾಡುತ್ತದೆ. ಗ್ರೀನ್ 1938ರಲ್ಲಿ ಮೆಕ್ಸಿಕೋ ಸುತ್ತಿದ್ದ. ಚರ್ಚಿನ ಮೇಲೆ ಸರ್ಕಾರ ಹಗೆ ಸಾಧಿಸಿದ್ದ ಟಬಾಸ್ಕೋ ಪ್ರಾಂತ್ಯದ ಸ್ಥಿತಿಯೇ ಕಥೆಯ ಹಿನ್ನೆಲೆ. ಪಾದ್ರಿಗಳೆಲ್ಲ ಓಡಿಹೋಗಿದ್ದಾರೆ, ಇಲ್ಲವೇ ಸತ್ತಿದ್ದಾರೆ. ಉಳಿದವನು ಒಬ್ಬ ಕುಡುಕ ಪಾದ್ರಿ. ಅವನಿಗೂ ಹೆಸರಿಲ್ಲ, ಅವನನ್ನು ಹುಡುಕುವ ಪೊಲೀಸ್ ಲೆಫ್ಟಿನೆಂಟನಿಗೂ ಹೆಸರಿಲ್ಲ. ವಿಚಿತ್ರ ಏನೆಂದರೆ ಲೆಫ್ಟಿನೆಂಟ್ ಪ್ರಾಮಾಣಿಕ, ಬಡವರ ಬಗ್ಗೆ ಕಾಳಜಿ ಇರುವವನು.

ಒಂದು ದೃಶ್ಯ ಹೇಳುತ್ತೇನೆ. ಮದ್ಯ ನಿಷೇಧ ಇರುವ ಪ್ರಾಂತ್ಯ. ಪೂಜೆಗೆ ವೈನ್ ಬೇಕೇ ಬೇಕು. ಪಾದ್ರಿ ಕೈಯಲ್ಲಿದ್ದ ಹಣ ಹಾಕಿ, ಹೋಟೆಲ್ ಕೋಣೆಯಲ್ಲಿ ಗವರ್ನರನ ಸಂಬಂಧಿಯಿಂದ ಕದ್ದುಮುಚ್ಚಿ ಒಂದು ಬಾಟಲಿ ವೈನ್, ಜೊತೆಗೆ ಬ್ರಾಂದಿ ಕೊಳ್ಳುತ್ತಾನೆ. ಮಾರಿದವನು, ಒಂದು ಗುಟುಕು ನಮಗೂ ಕೊಡು ಅನ್ನುತ್ತಾನೆ. ಇಲ್ಲ ಅಂದರೆ ಅನುಮಾನ ಬರುತ್ತದೆ. ಅಷ್ಟರಲ್ಲಿ ಪೊಲೀಸ್ ಮುಖ್ಯಸ್ಥನೇ ಬಂದು ಕೂರುತ್ತಾನೆ. ಬ್ರಾಂದಿ ತೆಗೆದುಕೊಳ್ಳಿ, ಬ್ರಾಂದಿ ತೆಗೆದುಕೊಳ್ಳಿ ಅಂತ ಪಾದ್ರಿ ಎಷ್ಟು ಮುಂದೆ ಮಾಡಿದರೂ ಅವರಿಗೆ ವೈನೇ ರುಚಿ. ತಮಾಷೆಯಾಗಿ ಮಾತಾಡುತ್ತಾ, ಹಳೆಯ ಕಾಲ ನೆನೆಯುತ್ತಾ ಇಡೀ ಬಾಟಲಿ ಖಾಲಿ ಮಾಡುತ್ತಾರೆ. ಪಾದ್ರಿಯ ಕಣ್ಣಲ್ಲಿ ನೀರು. ಕುಡಿದದ್ದು ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ ಅವರು. ಬಂದೂಕಿಲ್ಲ, ಓಟವಿಲ್ಲ, ಮೂರು ಜನ ಹರಟುತ್ತಿದ್ದಾರೆ ಅಷ್ಟೇ. ಆದರೂ ನಾವು ಬಾಟಲಿಯಲ್ಲಿ ಎಷ್ಟು ಉಳಿದಿದೆ ಅಂತ ಉಸಿರು ಬಿಗಿಹಿಡಿದು ನೋಡುತ್ತಿರುತ್ತೇವೆ. ಇನಾಮಿನ ಆಸೆಗೆ ಬೆನ್ನು ಬಿದ್ದ ಎರಡು ಹಳದಿ ಕೋರೆಹಲ್ಲಿನ ಮನುಷ್ಯನಂತೂ ಈ ಏಳೂ ಪುಸ್ತಕಗಳಲ್ಲಿ ನನಗೆ ಅತಿ ಹೆಚ್ಚು ಅಸಹ್ಯ ಹುಟ್ಟಿಸಿದವನು. ಅವನ ಮೇಲೂ ಕರುಣೆ ಬರುವ ಹಾಗೆ ಗ್ರೀನ್ ಮಾಡುತ್ತಾನೆ, ಅದು ಬೇರೆ.

ಹಾಗಾದರೆ ಯಾವುದು

ಈ ಥರದ ಪುಸ್ತಕ ಮೊದಲ ಸಲ ಓದುವವರು ಬಕನ್‌ನಿಂದ ಶುರು ಮಾಡಿ. ಚಿಕ್ಕದು, ಹಳೆಯದು, ಮುಂದೆ ಬಂದ ಎಷ್ಟೋ ಕಥೆಗಳು ಎಲ್ಲಿಂದ ಎರವಲು ತಂದವು ಅಂತ ಗೊತ್ತಾಗುತ್ತದೆ. ಇಷ್ಟವಾದರೆ ಹ್ಯಾನೇಯ ಕಥೆ ಇನ್ನೂ ನಾಲ್ಕು ಇವೆ, ಆದರೆ ಓಟದ ಚುರುಕು ಮೊದಲನೆಯದರಲ್ಲೇ ಜಾಸ್ತಿ. ಮನಸ್ಸು ಭಾರ ಇದ್ದಾಗ ಯೋನಾಸನ್. ರಾತ್ರಿ ನಿದ್ದೆ ಬರದಿದ್ದರೂ ಪರವಾಗಿಲ್ಲ ಅನ್ನುವವರಿಗೆ ಮೆಕಾರ್ಥಿ. ಸಂಭಾಷಣೆ ಕಲಿಯಬೇಕು, ಕಥೆ ಬರೆಯುವ ಆಸೆ ಇದೆ ಅನ್ನುವವರಿಗೆ ಲೆನರ್ಡ್. ಥ್ರಿಲ್ಲರ್ ಅಂದರೆ ಹಗುರ ಓದು ಅಂತ ಮೂಗು ಮುರಿಯುವ ಸ್ನೇಹಿತರಿದ್ದರೆ ಅವರ ಕೈಗೆ ಗ್ರೀನ್ ಕೊಟ್ಟು ಸುಮ್ಮನಿರಿ. 'ರೋಗ್ ಮೇಲ್' ಮಾತ್ರ ಎರಡನೆಯದೋ ಮೂರನೆಯದೋ ಆಗಿ ಓದಿ. ಉಳಿದ ಲೇಖಕರು ಜನರನ್ನು ತುಂಬಿ ಮಾಡಿದ್ದನ್ನು ಹೌಸ್‌ಹೋಲ್ಡ್ ಜನರನ್ನು ತೆಗೆದು ಹೇಗೆ ಮಾಡಿದ ಅಂತ ಆಗ ಕಾಣುತ್ತದೆ.

ಈ ಪಟ್ಟಿಯ ಆಚೆಯ ಪುಸ್ತಕ ಕೈಗೆ ಬಂದರೆ ಮೊದಲ ಎರಡು ಅಧ್ಯಾಯದಲ್ಲಿ ಬರುವ ವಿಚಿತ್ರ ಪಾತ್ರ ಒಂದನ್ನು ಹಿಡಿದು ನೋಡಿ. ಅವನನ್ನು ಕಥೆಯಿಂದ ತೆಗೆದರೆ ಓಡುವವನ ದಾರಿ ಬದಲಾಗುತ್ತದಾ? ಟರ್ನ್‌ಬುಲ್‌ನನ್ನು ತೆಗೆದರೆ ಹ್ಯಾನೇ ಸಿಕ್ಕಿಬೀಳುತ್ತಾನೆ. ಬೆನ್ನಿಯನ್ನು ತೆಗೆದರೆ ಗುಂಪು ಅಲ್ಲೇ ನಿಲ್ಲುತ್ತದೆ. ತೆಗೆದರೂ ಏನೂ ಆಗುವುದಿಲ್ಲ, ಬಣ್ಣದ ಟೋಪಿ, ಗಿಳಿ, ತೊದಲು ಮಾತು ಇಷ್ಟೇ ಅಂದರೆ ಲೇಖಕ ಅಲಂಕಾರ ಮಾಡುತ್ತಿದ್ದಾನೆ ಅಂತ ಅರ್ಥ. ಅಂಥದ್ದನ್ನು ನಾನು ಮುಂದಕ್ಕೆ ಓದುವುದಿಲ್ಲ.

ಸಿನಿಮಾ ಮೊದಲು ನೋಡಿದರೆ ಪುಸ್ತಕ ಕೆಡುತ್ತದಾ ಅನ್ನುವ ಪ್ರಶ್ನೆಯೂ ಬರುತ್ತದೆ. 'ನೋ ಕಂಟ್ರಿ'ಯ 2007ರ ಸಿನಿಮಾ ಪುಸ್ತಕಕ್ಕೆ ಬಹಳ ಹತ್ತಿರ, ಹಾಗಾಗಿ ಅದನ್ನು ನೋಡಿದವರಿಗೆ ಮುಂದೇನು ಅನ್ನುವ ಕುತೂಹಲ ಉಳಿಯುವುದಿಲ್ಲ. ಬೆಲ್‌ನ ಸ್ವಗತಗಳಿಗಾಗಿ ಓದಬಹುದು. 'ಥರ್ಟಿ-ನೈನ್ ಸ್ಟೆಪ್ಸ್' ವಿಷಯದಲ್ಲಿ ಚಿಂತೆ ಬೇಡ. 1935ರಲ್ಲಿ ಹಿಚ್‌ಕಾಕ್ ಕಥೆಯನ್ನು ಎಷ್ಟು ಬದಲಾಯಿಸಿದ ಅಂದರೆ, ಹ್ಯಾನೇಯ ಕೈಗೆ ಬೇಡಿಯಲ್ಲಿ ಕಟ್ಟಿದ ನಾಯಕಿಯನ್ನೂ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಮಿಸ್ಟರ್ ಮೆಮೊರಿಯನ್ನೂ ಅವನೇ ತಂದು ಸೇರಿಸಿದ. ಇಬ್ಬರೂ ಪುಸ್ತಕದಲ್ಲಿ ಇಲ್ಲ. ಸಿನಿಮಾ ನೋಡಿಯೂ ಪುಸ್ತಕವನ್ನು ಹೊಸದಾಗೇ ಓದಬಹುದು.